ಗೊರಬಲು ಬ್ಯಾಂಡಿನ ಜೊತೆ ಹೊತ್ತು ಮುಳುಗದ ಊರಿಗೆ

ನಲ್ಲೂರು

ನಾನು ಮಾಂಸ ಮುಟ್ಟದವಳು. ಫಿನ್‌ಲ್ಯಾಂಡಿನಲ್ಲಿ ಇಳಿದುಕೊಂಡದ್ದು ಮಾಂಸದಂಗಡಿಯವನ ಮನೆಯಲ್ಲಿ. ವಾಪಸ್ ಬಂದ ದಿನದಿಂದ ನಮ್ಮ ನಲ್ಲೂರಿನ ಹೆಂಗಸರು ಇದೊಂದನ್ನೇ ಹಿಡಿದುಕೊಂಡಿದ್ದಾರೆ. ಏನು ತಿಂದೆ, ಯಾರ ಪಾತ್ರೆಯಲ್ಲಿ ಬೇಯಿಸಿದರು, ಅವರ ಮನೆ ನೀರು ಕುಡಿದೆಯಾ? ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳಲಿ.

ಊರು ನೋಡಲು ಹೋದವಳಲ್ಲ, ಬ್ಯಾಂಡಿನ ಜೊತೆ ಹೋದೆ. ಬ್ಯಾಂಡಿನ ಹೆಸರು ‘ಗೊರಬಲು’. ಚನ್ನಗಿರಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಅಡಿಕೆಯಲ್ಲಿ ಕಡಿಮೆ ದರದ ಮಾಲಿಗೆ ಗೊರಬಲು ಎನ್ನುತ್ತಾರೆ. ಹೆಸರಿಟ್ಟವನು ನನ್ನ ಮಗಳ ಮಗ ಮಂಜ. ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುವಾಗ ಅವನು ಪರೀಕ್ಷೆಗೆ ಓದುವುದು ಬಿಟ್ಟು ಫೋನಿನಲ್ಲಿ ಒಂದು ನಮೂನೆಯ ಹಾಡು ಕೇಳಿದ. ನಾನು ಹುಟ್ಟಿದ ಕಾಲಕ್ಕೆ ಅಮೆರಿಕದ ಹಳ್ಳಿ ಹುಡುಗರು ಕಟ್ಟಿದ ಹಾಡಂತೆ. ರಾಕಬಿಲಿ ಎಂದು ಹೆಸರು. ಒಂದು ಗಿಟಾರು, ಒಂದು ಡ್ರಮ್ಮು, ಆಳೆತ್ತರದ ಪಿಟೀಲಿನಂಥ ಒಂದು ಬಾಸು. ಆ ಬಾಸನ್ನು ಕಮಾನಿನಿಂದ ಎಳೆಯುವುದಿಲ್ಲ, ತಂತಿಗೆ ಅಂಗೈಯಿಂದ ಬಡಿಯುತ್ತಾರೆ. ಕಲ್ಲುಹಾದಿಯಲ್ಲಿ ಜಟಕಾ ಓಡಿದಂತೆ ಸದ್ದು. ತಲೆಗೆ ಎಣ್ಣೆ ಬಳಿದು ಮುಂಗೂದಲನ್ನು ಕೋಳಿಜುಟ್ಟಿನಂತೆ ಎಬ್ಬಿಸಿಕೊಳ್ಳುವುದೂ ಅದರಲ್ಲಿ ಸೇರಿದೆ.

ಬಾಸು ಬಾರಿಸುವವನು ಹೊನ್ನಾಳಿ ತಾಲ್ಲೂಕು ಸಾಸ್ವೆಹಳ್ಳಿಯ ಶಬ್ಬೀರ. ಅವನ ಅಪ್ಪನದು ಮಂಚ, ಬೀರು ಮಾಡುವ ಅಂಗಡಿ. ಅಲ್ಲಿ ಉಳಿದ ಹಲಸಿನ ಹಲಗೆಯಲ್ಲಿ ತನ್ನ ಬಾಸನ್ನು ತಾನೇ ಮಾಡಿಕೊಂಡ. ಡ್ರಮ್ಮಿನವನು ಜಗಳೂರಿನ ತಿಪ್ಪೇಶಿ. ಮಾತು ಕಡಿಮೆ.

ತಿಪ್ಪೇಶಿಗಿಂತ ಮೊದಲು ಡ್ರಮ್ಮಿಗೆ ನ್ಯಾಮತಿಯ ವೀರೇಶ ಎಂಬ ಹುಡುಗ ಇದ್ದ. ಅವನು ಟೈಲರ್ ಅಂಗಡಿ ಇಟ್ಟ. ಮಂಜ ಅವತ್ತೇ ಅವನನ್ನು ಬಿಟ್ಟ. “ಕೆಲಸ ಹಿಡಿದೋನು ಬ್ಯಾಂಡಿನೋನಲ್ಲ” ಎಂದ. ಈಗಲೂ ನ್ಯಾಮತಿಗೆ ಹೋದರೆ ಆ ಅಂಗಡಿ ಎದುರಿನ ರಸ್ತೆಯಲ್ಲಿ ನಡೆಯುವುದಿಲ್ಲ, ಹಿಂದಿನ ಓಣಿಯಲ್ಲಿ ಸುತ್ತಿ ಬರುತ್ತಾನೆ. ಮಂಜನಿಗೆ ಕೆಲಸ ಇಲ್ಲ. ಅವನ ಊಟ ನನ್ನ ಮನೆಯಲ್ಲಿ. ಅದಕ್ಕೇ ಅವನಿಗೆ ಆ ಮಾತು ಸುಲಭ.

ಇವರನ್ನು ಯಾವ ಹಾಡಿನ ಕಂಪನಿಯೂ ಸಾಕಲಿಲ್ಲ. ಮದುವೆಗೆ ಕರೆದವರು ಸಿನಿಮಾ ಹಾಡು ಕೇಳುತ್ತಿದ್ದರು, ಇವರು ಬಾರಿಸುತ್ತಿರಲಿಲ್ಲ. ನ್ಯಾಮತಿಯ ಒಂದು ಆರತಕ್ಷತೆಯಲ್ಲಿ ಹುಡುಗಿಯ ಸೋದರಮಾವ ಬಂದು ವೈರನ್ನೇ ಕಿತ್ತುಹಾಕಿದ. ಗಣಪತಿ ಕೂರಿಸಿದಲ್ಲಿ ಬಾರಿಸಿದರು. ಹೊನ್ನಾಳಿಯಲ್ಲಿ ಬೇಕರಿಯ ಓಪನಿಂಗಿಗೆ ಬಾರಿಸಿದರು, ಅಲ್ಲಿ ಕೊಟ್ಟದ್ದು ಬನ್ನು. ಆಮೇಲೆ ಹಾಡುಗಳನ್ನು ತಾವೇ ರೆಕಾರ್ಡ್ ಮಾಡಿ ಫೋನಿನಲ್ಲಿ ಊರಿಗೆಲ್ಲ ಬಿಟ್ಟರು. ರೆಕಾರ್ಡ್ ಮಾಡಿದ್ದು ನಮ್ಮ ಅಡಿಕೆ ಸುಲಿಯುವ ಚಪ್ಪರದಲ್ಲಿ. ಯಂತ್ರ ಬಂದ ಮೇಲೆ ಚಪ್ಪರ ಖಾಲಿ ಬಿದ್ದಿತ್ತು. ಒಂದು ಸಲ ಮಂಜ “ಅಜ್ಜಿ, ನೀವು ಸುಲಿಯೋವಾಗ ಹೇಳ್ತಿದ್ರಲ್ಲ, ಆ ಪದ ಹೇಳ್ರಿ” ಎಂದ. ಹೇಳಿದೆ. ಹಿಂದೆ ಇವರು ಟಕಟಕ ಸೇರಿಸಿದರು. ಫಿನ್‌ಲ್ಯಾಂಡಿನ ಒಬ್ಬ ಮುದುಕ ಕೇಳಿ ಮೆಚ್ಚಿ, ತಮ್ಮೂರ ಬೇಸಿಗೆಯ ಹಾಡುಕೂಟಕ್ಕೆ ಕರೆದ. ಆದರೆ ಆ ಹೆಂಗಸೂ ಬರಬೇಕು ಎಂದ. ಆ ಹೆಂಗಸು ನಾನು.

ಪೆಟ್ಟಿಗೆ ತೆಗೆಸಿದ ಜಾಗ

ಬಾಸಿಗೆ ಶಬ್ಬೀರ ಮರದ ಪೆಟ್ಟಿಗೆ ಮಾಡಿದ್ದ. ಅದು ಹೆಣದ ಪೆಟ್ಟಿಗೆಯಂತೆ ಕಾಣುತ್ತಿತ್ತು. ಬಾಸು ಅಲುಗದ ಹಾಗೆ ಸಂದಿಗೆ ಹುಲ್ಲು ತುಂಬಬೇಕು ಎಂದ. ಹುಲ್ಲು ಯಾಕೆ ದಂಡ ಎಂದು ನಾನು ಸಂದಿಯಲ್ಲೆಲ್ಲ ಬಟ್ಟೆ ಸುತ್ತಿದ ಒಣ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಪೊಟ್ಟಣ ತುಂಬಿದೆ. ಹುಡುಗರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು.

ಹೆಲ್ಸಿಂಕಿಯಲ್ಲಿ ವಿಮಾನ ಇಳಿದಾಗ ಅಧಿಕಾರಿಯೊಬ್ಬ ಪೆಟ್ಟಿಗೆ ತೆಗೆಸಿದ. ಬಾಸು ಎತ್ತಿದರೆ ಅಡಿಯಲ್ಲಿ ರೊಟ್ಟಿ, ಬಗಲಲ್ಲಿ ರೊಟ್ಟಿ, ಕುತ್ತಿಗೆಯ ಕೆಳಗೆ ದಿಂಬಿನಂತೆ ಚಟ್ನಿಪುಡಿ. ಅವನು ಒಂದು ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಸೀನಿದ. ಮತ್ತೆ ಸೀನಿದ.

“ಅಜ್ಜೀ, ಏನಿದು?” ಮಂಜ ಹಲ್ಲು ಕಚ್ಚಿಕೊಂಡು ಕೇಳಿದ.

“ಬುತ್ತಿ.”

“ನನ್ನ ಬಾಸಿನ ಹೊಟ್ಟೇಲಿ ಇಲ್ವಲ್ಲ?” ಎಂದ ಶಬ್ಬೀರ.

“ತೂತು ಸಣ್ಣದಾತು. ಹಿಡಿಸಲಿಲ್ಲ.”

ಶಬ್ಬೀರ ನಗುತ್ತಾ ಗೋಡೆಗೆ ಒರಗಿಬಿಟ್ಟ. ಅವನನ್ನೂ ಮಂಜನನ್ನೂ ಕಾಗದ ತುಂಬಿಸಲು ಒಳಗೆ ಕರೆದುಕೊಂಡು ಹೋದರು. ನಾನೂ ತಿಪ್ಪೇಶಿಯೂ ಬೆಂಚಿನ ಮೇಲೆ ಕೂತೆವು. ಆಗ ಅವನು ಬಾಯಿಬಿಟ್ಟ.

“ಅಜ್ಜಿ, ನಂಗೆ ಆರ್ಡರ್ ಬಂದೈತೆ. ಜಗಳೂರಾಗೆ ಲೈನ್‌ಮನ್ ಕೆಲಸ. ವಾಪಸ್ ಹೋದ ಕೂಡ್ಲೆ ಸೇರ್ಕಬೇಕು.”

“ಮಂಜಂಗೆ ಗೊತ್ತಾ?”

“ಇಲ್ಲ. ಹೇಳಿದ್ರೆ ವೀರೇಶಂಗೆ ಮಾಡ್ದಂಗೆ ಮಾಡ್ತಾನೆ. ಬ್ಯಾಂಡು ಬಿಡಾಕೆ ನಂಗಿಷ್ಟ ಇಲ್ಲ. ಕೆಲಸಾನೂ ನಂಗೆ ಬೇಕು. ಕಂಬ ಹತ್ತೋದು ಅಂದ್ರೆ ನಂಗೆ ಸಣ್ಣೋನಿದ್ದಾಗಿಂದ ಆಸೆ. ಮೇಲಿಂದ ಊರೆಲ್ಲ ಕಾಣ್ತೈತೆ.”

“ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಮಗಾ. ನೀನಾಗೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ.”

ಆಗಲಿ ಎಂದು ಅವನು ತಲೆಯಾಡಿಸಿದ. ಡ್ರಮ್ಮಿನವನು ಹೋದರೆ ಮಂಜ ಮತ್ತೊಬ್ಬನನ್ನು ಎಲ್ಲಿಂದ ತರುತ್ತಾನೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಜರಡಿ ಹಿಡಿದರೂ ಈ ಗತ್ತಿಗೆ ಬಾರಿಸುವವರು ಇಬ್ಬರೇ ಸಿಕ್ಕಿದ್ದು. ಒಬ್ಬ ಈಗ ಬಟ್ಟೆ ಹೊಲಿಯುತ್ತಿದ್ದಾನೆ, ಇನ್ನೊಬ್ಬ ಕಂಬ ಹತ್ತುವವನಿದ್ದ. ಬ್ಯಾಂಡು ಮುಗಿಯಿತು ಎಂದುಕೊಂಡೆ.

ಅಧಿಕಾರಿ ರೊಟ್ಟಿಯನ್ನು ಬಿಟ್ಟುಕೊಟ್ಟ. ಬಿಚ್ಚಿದ ಪೊಟ್ಟಣವನ್ನು ಮಾತ್ರ ತಾನೇ ಇಟ್ಟುಕೊಂಡ. ಯಾಕೆ ಎಂದು ಕೇಳಲಿಲ್ಲ.

ಪೆಕ್ಕಾನ ಮನೆ

ಊರಿನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಎಲ್ಲಿ ನೋಡಿದರೂ ಕೆರೆ. ಹೆಮ್ಮೆಯಿಂದ ತೋರಿಸುತ್ತಾರೆ. ಸೂಳೆಕೆರೆ ನೋಡಿ ಬೆಳೆದವಳಿಗೆ ಕೆರೆ ತೋರಿಸಿ ಬೆರಗು ಮಾಡಲಾಗದು. ಆದರೆ ಅವರ ಕೆರೆಯ ದಂಡೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲವೂ ಇರಲಿಲ್ಲ. ಅದಕ್ಕೆ ಬೆರಗಾದೆ.

ನಮ್ಮನ್ನು ಕರೆಸಿಕೊಂಡ ಮುದುಕನ ಹೆಸರು ಪೆಕ್ಕಾ. ಅವನೂ ಒಂದು ರಾಕಬಿಲಿ ಬ್ಯಾಂಡಿನವನು, ಡ್ರಮ್ಮು ಬಾರಿಸುತ್ತಾನೆ. ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಜುಟ್ಟು ಎಬ್ಬಿಸಿಕೊಂಡೇ ಮಾಂಸದಂಗಡಿಯಲ್ಲಿ ನಿಲ್ಲುತ್ತಾನೆ. ಹೆಂಡತಿ ಲೀಸಾ. ನಮ್ಮಂತೆಯೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಮಾತಾಡುವುದಿಲ್ಲ. ಸಿಟ್ಟೇನೋ ಎಂದುಕೊಂಡೆ, ಸಿಟ್ಟಲ್ಲ, ಹೇಳುವುದು ಇಲ್ಲದಿದ್ದರೆ ಹೇಳುವುದಿಲ್ಲ. ನಲ್ಲೂರಿನಲ್ಲಿ ಹೀಗಿದ್ದರೆ ದೆವ್ವ ಹಿಡಿದಿದೆ ಎಂದು ತಾಯಿತ ಕಟ್ಟಿಸುತ್ತಿದ್ದರು. ಕಾಫಿ ಮಾತ್ರ ಹೊತ್ತುಗೊತ್ತಿಲ್ಲದೆ ಕುಡಿಯುತ್ತಾರೆ, ಹಾಲಿಲ್ಲದೆ. ಕಷಾಯ.

ಊಟದ ವಿಷಯ ಈಗ ಹೇಳಿಬಿಡುತ್ತೇನೆ. ಪೆಕ್ಕಾ ನನಗಾಗಿ ಹೊಸ ಪಾತ್ರೆ, ಹೊಸ ಸೌಟು ತಂದಿಟ್ಟಿದ್ದ. ಅದಕ್ಕೆ ಕೆಂಪು ದಾರ ಕಟ್ಟಿದ್ದ, ಬೇರೆ ಯಾರೂ ಮುಟ್ಟದಿರಲಿ ಎಂದು. ನಾನು ಆಲೂಗಡ್ಡೆ ಬೇಯಿಸಿಕೊಂಡೆ, ರೊಟ್ಟಿ ಇತ್ತು, ಮೊಸರು ಅವರದ್ದು. ನೀರು ಕುಡಿದೆ. ಮಡಿ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ.

ತೊಂದರೆಯಾದದ್ದು ಸೋಮವಾರ. ಸೋಮವಾರ ನಾನು ಒಂದೇ ಹೊತ್ತು ಉಣ್ಣುವವಳು, ಅದೂ ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ. ಆ ಊರಿನಲ್ಲಿ ಜೂನ್ ತಿಂಗಳಲ್ಲಿ ಹೊತ್ತು ಮುಳುಗುವುದಿಲ್ಲ. ಕೆರೆಯ ಆಚೆ ದಂಡೆಯ ಮೇಲೆ ಕುಂಡೆ ಊರಿ ಕೂತವನಂತೆ ಸೂರ್ಯ ಕೂತೇ ಇದ್ದ. ಲೀಸಾ ಊಟಕ್ಕೆ ಕರೆದಳು. ಇನ್ನೂ ಹೊತ್ತಿದೆ ಎಂದೆ. ಅವಳು ಉಂಡು, ಪಾತ್ರೆ ತೊಳೆದು, ಹೆಣಿಗೆ ಹಿಡಿದು ಕೂತಳು. ಇನ್ನೂ ಹೊತ್ತಿತ್ತು. ನನಗೆ ತಲೆ ಸುತ್ತಿತು.

ಶಬ್ಬೀರ ಬಂದು ಎದುರಿಗೆ ಕೂತ. “ಅಜ್ಜಿ, ಈ ಕಡೆ ಇರೋ ನಮ್ಮೋರಿಗೂ ಬ್ಯಾಸಿಗೇಲಿ ರೋಜಾ ಉಪವಾಸ ಬಂದ್ರೆ ಇದೇ ಗೋಳಂತೆ. ಎಷ್ಟೋ ಜನ ಮೆಕ್ಕಾದ ಟೈಮ್ ನೋಡಿ ಉಪವಾಸ ಬಿಡ್ತಾರೆ. ನೀವು ನಲ್ಲೂರು ಟೈಮ್ ನೋಡ್ರಿ.”

“ನಲ್ಲೂರಾಗೆ ಈಗ ಏನ್ ಮಾಡ್ತಿರ್ತಾರೋ?”

“ಉಂಡು ಮಲಗಿರ್ತಾರೆ.”

ಸರಿ ಎಂದು ದೀಪ ಹಚ್ಚಿ ಉಂಡೆ. ಸೂರ್ಯ ನೋಡುತ್ತಲೇ ಇದ್ದ. ನೋಡಲಿ.

ಹಬೆಮನೆ

ಅವರಲ್ಲಿ ಪ್ರತಿ ಮನೆಗೂ ಒಂದು ಹಬೆಮನೆ. ಕೆರೆಯ ದಂಡೆಯಲ್ಲಿ ಮರದ ಗೂಡು. ಒಳಗೆ ಕಾಯಿಸಿದ ಕಲ್ಲಿಗೆ ನೀರು ಎರಚಿ ಬೆತ್ತಲೆ ಕೂತು ಬೆವರುತ್ತಾರೆ. ಗಂಡಸರದ್ದು ಒಂದು ಸರದಿ, ಹೆಂಗಸರದ್ದು ಒಂದು. ಲೀಸಾ ಕರೆದಳು. ನಾನು ಸೀರೆ ಬಿಚ್ಚಲಿಲ್ಲ. ನಮ್ಮ ಬಚ್ಚಲ ಒಲೆಗೆ ಸೌದೆ ಜಾಸ್ತಿ ತುಂಬಿದಂತೆ ಇತ್ತು. ಮೈಕೈ ನೋವು ಹೋದದ್ದು ನಿಜ. ಸೀರೆ ಒಣಗಲು ಎರಡು ದಿನ ಬೇಕಾಯಿತು.

ನಮ್ಮ ಸರದಿ ಮುಗಿಸಿ ಹೊರಗೆ ಬೆಂಚಿನ ಮೇಲೆ ಕೂತೆವು. ಗಂಡಸರು ಒಳಗೆ ಹೋದರು. ಲೀಸಾಳ ಹತ್ತಿರ ಒಂದು ಫೋನು. ಅವಳು ಅವರ ಭಾಷೆಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ ಹೇಳುತ್ತದೆ, ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನಂತೆ. ನಾನು ಕೇಳಿದೆ:

“ನಿಮ್ ಯಜಮಾನ್ರು ಎಷ್ಟು ವರ್ಷದಿಂದ ಬಾರಿಸ್ತಾರೆ?”

ಮದುವೆಗಿಂತ ಮುಂಚಿನಿಂದ, ಎಂದಿತು ಫೋನು.

“ಅದ್ರಾಗೆ ಹೊಟ್ಟೆ ತುಂಬುತ್ತಾ?”

ಲೀಸಾ ನಕ್ಕಳು. ಅದರಲ್ಲಿ ಡ್ರಮ್ಮಿನ ಚರ್ಮ ಕೊಳ್ಳಲೂ ಆಗುವುದಿಲ್ಲವಂತೆ. ಪೆಕ್ಕಾನಿಗೆ ಅಂಗಡಿ. ಬಾಸಿನವನು ಬಸ್ಸು ಓಡಿಸುತ್ತಾನೆ. ಗಿಟಾರಿನವನು ಹಲ್ಲಿನ ಸೆಟ್ಟು ಮಾಡುತ್ತಾನೆ. ಮಂಗಳವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮೂವರೂ ಪೆಕ್ಕಾನ ಕಾರಿನ ಶೆಡ್ಡಿನಲ್ಲಿ ಸೇರುತ್ತಾರೆ. ಹಾಡು ರೆಕಾರ್ಡ್ ಮಾಡುವ ದೊಡ್ಡ ಕಂಪನಿ ಒಂದು ಸಲ ಕರೆದಿತ್ತಂತೆ. ಮಂಗಳವಾರ ಬಿಟ್ಟು ಬೇರೆ ದಿನ ಆಗುವುದಿಲ್ಲ ಎಂದರಂತೆ. ಕಂಪನಿ ಮತ್ತೆ ಕರೆಯಲಿಲ್ಲ. ಅದನ್ನು ಲೀಸಾ ಬೇಜಾರಿಲ್ಲದೆ, ಇವತ್ತು ಮೀನು ಸಿಗಲಿಲ್ಲ ಎನ್ನುವಂತೆ ಹೇಳಿದಳು.

ಅಷ್ಟರಲ್ಲಿ ಹಬೆಮನೆಯ ಬಾಗಿಲು ದಡಾರನೆ ತೆರೆಯಿತು. ಮಂಜ ಟವೆಲು ಸುತ್ತಿಕೊಂಡು ಹೊರಗೆ ಬಂದ. ಹಿಂದೆ ತಿಪ್ಪೇಶಿ. ಹೇಳಿದ್ದಾನೆ ಎಂದು ಗೊತ್ತಾಯಿತು.

“ಯಾವಾಗ ಬಂತು ಆರ್ಡರು?”

“ಹೊರಡೋ ಹಿಂದಿನ ದಿನ.”

“ಸಪ್ತ ಸಮುದ್ರ ದಾಟಿಸಿ ಹೇಳ್ತೀಯಾ? ನಾಳೆ ಬಾರಿಸು. ಆಮ್ಯಾಲೆ ನೀನ್ಯಾರೋ ನಾನ್ಯಾರೋ.”

“ಮಂಜ, ಭಾನುವಾರ ರಜೆ ಐತೆ, ಅವತ್ತು ನಾನು...”

“ಭಾನುವಾರದ ಬ್ಯಾಂಡಲ್ಲ ನಂದು!”

ಅವನು ಟವೆಲಿನಲ್ಲೇ ಮನೆ ಕಡೆ ನಡೆದ. ಹಿಂದೆ ಒಳಗಿನಿಂದ ಪೆಕ್ಕಾ, ಅವನ ಇಬ್ಬರು ಮುದುಕ ಗೆಳೆಯರು ಸಾಲಾಗಿ ಹೊರಬಂದು, ನಮ್ಮ ಮುಂದೆಯೇ ಬೆತ್ತಲೆ ನಡೆದು ಕೆರೆಗೆ ಬಿದ್ದರು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ. ನಾನು ಆ ಕಡೆ ಮುಖ ತಿರುಗಿಸಿದೆ. ಶಬ್ಬೀರ ಮಾತ್ರ ಒಳಗೇ ಕೂತಿದ್ದ, ಹೊರಗಿನ ಜಗಳಕ್ಕಿಂತ ಒಳಗಿನ ಬಿಸಿಯೇ ವಾಸಿ ಎಂದು.

ಕೆರೆ ದಂಡೆಯ ವೇದಿಕೆ

ಹಾಡುಕೂಟಕ್ಕೆ ಹಳೇ ಕಾಲದ ಅಗಲವಾದ ಕಾರುಗಳಲ್ಲಿ ಜನ ಬಂದರು. ಗಂಡಸರಿಗೆಲ್ಲ ಎಣ್ಣೆಯ ಜುಟ್ಟು. ನಾನು ಹುಡುಗರ ತಲೆಗೆಂದು ತಂದ ಕೊಬ್ಬರಿ ಎಣ್ಣೆ ಆ ಚಳಿಗೆ ಸುಣ್ಣದಂತೆ ಗಟ್ಟಿಯಾಗಿತ್ತು. ಶಬ್ಬೀರ ಚಮಚದಲ್ಲಿ ಕೆತ್ತಿ ಬಳಿದುಕೊಳ್ಳುತ್ತಿದ್ದ. ಪಕ್ಕದ ಮುದುಕನೊಬ್ಬ ಮೂಸಿ ನೋಡಿ, ತನಗೂ ಸ್ವಲ್ಪ ಎಂದು ತಲೆ ಬಗ್ಗಿಸಿದ. ನಾನೇ ತಿಕ್ಕಿದೆ. ಆಮೇಲೆ ಸಾಲು ನಿಂತರು. ತಲೆ ತಿಕ್ಕಿಸಿಕೊಳ್ಳುವಾಗ ಮಾತ್ರ ಅವರ ಬಾಯಿಂದ “ಹಾ” ಎಂದು ಹೊರಟಿತು.

ಮಂಜ ತಿಪ್ಪೇಶಿಯ ಕಡೆ ಬೆನ್ನು ಹಾಕಿಯೇ ಬಾರಿಸಿದ. ಅಷ್ಟೂ ಹಾಡು ಮುಗಿದವು. ಕೊನೆಗೆ ನನ್ನನ್ನು ಕರೆದರು. ಕುರ್ಚಿ ಹಾಕಿದ್ದರು, ನಾನು ನೆಲಕ್ಕೆ ಕೂತೆ. ಪದ ಎತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಅಡಿಕೆ ಸುಲಿಯುವ ಪದಕ್ಕೆ ಕೊನೆ ಇಲ್ಲ. ರಾಶಿ ಮುಗಿಯುವ ತನಕ ಪದ. ಸಾಕಾದವಳು ಸೊಲ್ಲನ್ನು ಪಕ್ಕದವಳಿಗೆ ದಾಟಿಸುತ್ತಾಳೆ, ಎದ್ದು ಮಗುವಿಗೆ ಹಾಲು ಕೊಟ್ಟು ಬಂದು ಮತ್ತೆ ಸೇರುತ್ತಾಳೆ. ರಾಶಿ ಇರುವಾಗ ಪದ ನಿಲ್ಲಿಸಿದವಳಿಗೆ ಮಾತ್ರ ಬೈಗುಳ. ಚಪ್ಪರದಲ್ಲಿ ರೆಕಾರ್ಡ್ ಮಾಡಿದಾಗ ಮಂಜ ಅದನ್ನು ತನಗೆ ಬೇಕಾದಲ್ಲಿ ಕತ್ತರಿಸಿದ್ದ. ಅದು ನನಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಡಿದೆ. ಮುಳುಗದ ಸೂರ್ಯನನ್ನು ಸೋಮಾರಿ ಅಳಿಯ ಎಂದು ಬೈದೆ. ಮಾತಾಡದ ಗಂಡಸರ ಮೇಲೆ ಕಟ್ಟಿದೆ. ಹಾಲಿಲ್ಲದ ಕಾಫಿಯ ಮೇಲೆ ಕಟ್ಟಿದೆ. ಮಂಜ ಕಣ್ಣು ಬಿಡುತ್ತಿದ್ದ, ನಾನು ಎತ್ತಿಕೋ ಎಂದು ಕೈ ಮಾಡುತ್ತಿದ್ದೆ. ಅವನಿಗೆ ತಿಳಿಯಲಿಲ್ಲ. ಯಾರೂ ಎತ್ತಿಕೊಳ್ಳದ ಮೇಲೆ ನಾನು ಹೆಂಗೆ ಬಿಡಲಿ? ಜನ ಕುಣಿಯಲು ಶುರು ಮಾಡಿದರು. ಬ್ಯಾಂಡು ಓಡಲೇಬೇಕಾಯಿತು. ಶಬ್ಬೀರ ಬೆರಳಿಗೆ ಬಟ್ಟೆ ಸುತ್ತಿಕೊಂಡ. ತಿಪ್ಪೇಶಿಯ ತೋಳು ಹಿಡಿದುಕೊಂಡಿತು. ಮುಖ ಕಪ್ಪಿಟ್ಟಿತು, ಆದರೂ ಬಿಡಲಿಲ್ಲ.

ಆಗ ಪೆಕ್ಕಾ ಪಕ್ಕದಿಂದ ಹತ್ತಿ ಬಂದ. ತಿಪ್ಪೇಶಿಯ ಬಗಲಿಗೆ ನಿಂತು, ತಾಳಕ್ಕೆ ತಲೆಯಾಡಿಸಿ, ಅವನ ಕೈಯಿಂದ ಮೊದಲು ಒಂದು ಕಡ್ಡಿ ತೆಗೆದುಕೊಂಡ. ಆಮೇಲೆ ಇನ್ನೊಂದು. ಒಂದು ಪೆಟ್ಟೂ ತಪ್ಪಲಿಲ್ಲ. ತಿಪ್ಪೇಶಿ ಕೆಳಗೆ ಇಳಿದು ನೀರು ಕುಡಿದ, ತೋಳು ಜಾಡಿಸಿದ, ಮುಖ ತೊಳೆದ. ಮತ್ತೆ ಹತ್ತಿ ಬಂದ. ಪೆಕ್ಕಾ ಅದೇ ರೀತಿ ಒಂದೊಂದೇ ಕಡ್ಡಿ ಕೊಟ್ಟು ಇಳಿದು ಹೋದ.

ಮಂಜ ಇಷ್ಟು ಹೊತ್ತಿಗೆ ತಿರುಗಿ ನಿಂತಿದ್ದ. ಪೆಕ್ಕಾ ಬಂದದ್ದನ್ನೂ ನೋಡಿದ, ತಿಪ್ಪೇಶಿ ಇಳಿದದ್ದನ್ನೂ ನೋಡಿದ. ತಿಪ್ಪೇಶಿ ಮತ್ತೆ ಹತ್ತಿದಾಗ ಅವನನ್ನೇ ನೋಡುತ್ತಿದ್ದ. ಕೊನೆಗೆ ಶಬ್ಬೀರ ನನ್ನ ಕಿವಿಯ ಹತ್ತಿರ ಬಗ್ಗಿ ಕೂಗಿದ, “ಅಜ್ಜಿ, ರಾಶಿ ಮುಗೀತು, ರಾಶಿ ಮುಗೀತು!” ನಿಲ್ಲಿಸಿದೆ. ಮೊದಲೇ ಹೇಳಿದ್ದರೆ ಆಗಲೇ ನಿಲ್ಲಿಸುತ್ತಿದ್ದೆ.

ಬಸ್ಸಿಗೆ ಕಾದ ಜಾಗ

ಮರುದಿನ ಹೊರಟೆವು. ಪೆಕ್ಕಾ ಬಸ್ಸಿನ ತನಕ ಬಂದ, ಕೈ ಕುಲುಕಿದ, ಏನೂ ಹೇಳದೆ ಅಂಗಡಿ ತೆಗೆಯಲು ಹೋದ. ಆ ಊರಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ, ನಡುವೆ ಎತ್ತಿನಗಾಡಿ ಹೋಗಬಹುದು. ಮಂಜನೂ ಹಾಗೇ ನಿಂತಿದ್ದ. ತಿಪ್ಪೇಶಿ ಡ್ರಮ್ಮಿನ ಮೇಲೆ ಕೂತಿದ್ದ. ಶಬ್ಬೀರ ಪೆಟ್ಟಿಗೆಗೆ ಒರಗಿ ಉಳಿದ ರೊಟ್ಟಿ ಕಡಿಯುತ್ತಿದ್ದ.

“ಲೇ ತಿಪ್ಪೇಶಿ,” ಎಂದ ಮಂಜ, ಆ ಕಡೆ ನೋಡಿಕೊಂಡೇ. “ಭಾನುವಾರ ರಜೆ ಖಾತ್ರಿನಾ?”

“ಹೆಸರಿಗೆ ಐತೆ. ಗಾಳಿ ಬಂದು ಲೈನ್ ಹೋತು ಅಂದ್ರೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಹೋಗಬೇಕು.”

“ಪ್ರೋಗ್ರಾಮಿನ ದಿನವೇ ಗಾಳಿ ಬಂದ್ರೆ?”

ತಿಪ್ಪೇಶಿ ಡ್ರಮ್ಮಿನ ಪಟ್ಟಿ ಬಿಚ್ಚಿ ಮತ್ತೆ ಬಿಗಿದ. ನನಗೆ ತಡೆಯಲಾಗಲಿಲ್ಲ.

“ಗಾಳಿ ಬಂದ ದಿನ ಕರೆಂಟ್ ಎಲ್ಲಿರ್ತೈತೋ ಬೆಪ್ಪೆ? ಇವನು ಕಂಬ ಹತ್ತಿ ತಂತಿ ಕಟ್ಟೋ ತನಕ ನಿನ್ನ ಗಿಟಾರು ಹೆಂಗೆ ಕೂಗ್ತೈತೆ?”

ಶಬ್ಬೀರನ ಬಾಯಲ್ಲಿದ್ದ ರೊಟ್ಟಿ ಹೊರಗೆ ಬಂತು. ತಿಪ್ಪೇಶಿ ಮೊದಲು ನಗಲಿಲ್ಲ, ಆಮೇಲೆ ಡ್ರಮ್ಮಿನ ಮೇಲಿಂದ ಜಾರುವಷ್ಟು ನಕ್ಕ. ಮಂಜ ನಗಲಿಲ್ಲ. ಬಸ್ಸು ಬಂತು. ಅವನು ತಿಪ್ಪೇಶಿಯನ್ನು ಸರಿಸಿ, ಡ್ರಮ್ಮನ್ನು ತಾನೇ ಎತ್ತಿಕೊಂಡು ಹತ್ತಿದ. ಹತ್ತಿ ಕೂತ ಮೇಲೆ ನನ್ನ ಕಡೆ ತಿರುಗಿದ.

“ಅಜ್ಜಿ, ಭಾನುವಾರ ಜಗಳೂರಿಗೆ ಹೋಗಾಕೆ ನಮ್ಮೂರಿಂದ ಬೆಳಿಗ್ಗೆ ಬಸ್ ಐತಾ?”

“ನೀನು ಎದ್ರೆ ಐತೆ,” ಎಂದೆ.